ಪದಚರ್ಚೆ: ‘ಮುಂದಿನ ಡಿಕ್ಕಿ’ಗೆ ಪ್ಲಗ್ ಹಾಕಿದರೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಎರಡು ವಾರ ಆಯ್ತು. ಅದರ ಬಾಲ ಹಿಡಿದು ಇನ್ನೂ ಒಂದೆರಡು ಬಂದು ಕೂತಿವೆ. ನಿಮ್ಮ ನೆರವು ಬೇಕು.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಎಲೆಕ್ಟ್ರಿಕ್ ಪಿಕಪ್ ಇಟ್ಟುಕೊಂಡಿದ್ದಾನೆ. ಅಲ್ಲಿ ಅದಕ್ಕೆ ಟ್ರಕ್ ಅನ್ನುತ್ತಾರೆ. ನಮ್ಮಲ್ಲಿ ಟ್ರಕ್ ಅಂದರೆ ಲಾರಿ. ಹಾಗಾಗಿ ಅಕ್ಕ ಊರಿಗೆಲ್ಲ ಮಗ ಲಾರಿ ತಗೊಂಡ ಅಂತ ಹೇಳಿ ಮುಗಿಸಿದ್ದಾಳೆ. ಅದು ಬೇರೆ ಕಥೆ.

ಮೊನ್ನೆ ಜೋರು ಮಳೆ. ಅಂಥ ದಿನ ಅವನು ಅಕ್ಕನಿಗೆ ಫೋನ್ ಮಾಡಿದ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಅಕ್ಕನಿಗೆ ಕೇಳಿದ್ದು ಇಷ್ಟೇ: ‘ಮುಂದಿನ ಡಿಕ್ಕಿ... ಬ್ಯಾಟರಿ ವೈರು ಬಿಚ್ಚಿ... ಮೂರು ತಾಸು ಹಿಡೀತು...’ ಆಮೇಲೆ ಲೈನ್ ಕಟ್. ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ‘ಮಾಣಿ ಗಾಡಿ ಡಿಕ್ಕಿ ಆತಡ! ಮುಂದ್ಗಡೆಗೇ ಆತಡ!’

ನಾನು ಅವನಿಗೆ ಫೋನ್ ಹಚ್ಚಿದರೆ ಅವನಿಗೆ ನಗು. ‘ಡಿಕ್ಕಿ ಆಗಿದ್ದಲ್ಲ ಮಾವಾ, ಡಿಕ್ಕಿಗೆ ಪ್ಲಗ್ ಹಾಕಿದ್ದು!’

ವಿಷಯ ಇಷ್ಟು. ಎಲೆಕ್ಟ್ರಿಕ್ ಗಾಡಿಗೆ ಎಂಜಿನ್ ಇಲ್ಲ. ಬಾನೆಟ್ ಎತ್ತಿದರೆ ಅಡಿಯಲ್ಲಿ ಜಾಗ ಉಳಿದಿರುತ್ತದೆ. ಅಲ್ಲಿ ಸಾಮಾನು ಇಡಲು ಒಂದು ತೊಟ್ಟಿ ಮಾಡಿ ಕೊಡುತ್ತಾರೆ. ಅಮೆರಿಕದವರು ಫ್ರಂಟ್ ಮತ್ತು ಟ್ರಂಕ್ ಎರಡನ್ನೂ ಬೆಸೆದು ಅದಕ್ಕೆ ‘ಫ್ರಂಕ್’ ಅಂತಾರೆ. ಎಲ್ಲ ಗಾಡಿಯಲ್ಲೂ ಅದು ಒಂದೇ ಅಳತೆಯಲ್ಲ. ಫೋರ್ಡ್‌ನವರು 2022ರಲ್ಲಿ ರಸ್ತೆಗೆ ಬಿಟ್ಟ ಎಫ್-150 ಲೈಟ್ನಿಂಗ್‌ನಲ್ಲಿ 400 ಲೀಟರ್ ಜಾಗ, ಜೊತೆಗೆ ಕಂಪನಿಯೇ ಕೊಟ್ಟ 4 ಪ್ಲಗ್ಗು. ನಮ್ಮ ಟಾಟಾ ಪಂಚ್ ಇವಿಯಲ್ಲಿ 14 ಲೀಟರ್. ಕವಳದ ಸಂಚಿ, ಒಂದು ಕೊಡೆ, ಮತ್ತೆ ಸಣ್ಣಪುಟ್ಟದ್ದು ಹಿಡಿಸೀತು. ನಮ್ಮ ಮಾಣಿಯ ಗಾಡಿಯಲ್ಲಿ ಜಾಗ ಧಾರಾಳ, ಆದರೆ ಪ್ಲಗ್ ಇರಲಿಲ್ಲ. ಕ್ಯಾಂಪಿಗೆ ಹೋಗುವಾಗ ಫ್ರಿಜ್ ಪೆಟ್ಟಿಗೆ ಅಲ್ಲಿಟ್ಟು ಓಡಿಸಬೇಕು ಅಂತ ತಾನೇ ಹಾಕಿಕೊಂಡ.

ಇಲ್ಲಿಯ ಗ್ಯಾರೇಜಿನ ಹುಡುಗರಿಗೆ ಈ ಕಥೆ ಹೇಳಿದೆ. ಹೇಗೆ ಮಾಡಿದ, ಕನ್ನಡದಲ್ಲಿ ಬರೆದು ಕೊಡಿ ಅಂದರು. ಬರೆಯಲು ಕೂತ ಮೇಲೆ ಗೊತ್ತಾಯಿತು, ನನಗೆ ತಲೆಬರಹವೇ ಬರೆಯಲು ಬರುವುದಿಲ್ಲ! ಮೊಬೈಲಿನ ಅನುವಾದವನ್ನು ಕೇಳಿ ನೋಡಿದೆ. ‘ಮುಂಭಾಗದ ಶೇಖರಣಾ ವಿಭಾಗಕ್ಕೆ ವಿದ್ಯುತ್ ಮಳಿಗೆ ಸೇರಿಸುವುದು’ ಅಂತ ಕೊಟ್ಟಿತು. ನಾವು ಪ್ಲಗ್ ಅನ್ನುವುದಕ್ಕೆ ಅಮೆರಿಕದಲ್ಲಿ ಔಟ್‌ಲೆಟ್ ಅಂತಾರೆ. ಔಟ್‌ಲೆಟ್ ಅಂದರೆ ಅಂಗಡಿಯೂ ಹೌದಲ್ಲ, ಅದನ್ನೇ ಹಿಡಿದುಕೊಂಡಿದೆ. ಬಾನೆಟ್ ಎತ್ತಿದರೆ ಒಳಗೊಂದು ಕಿರಾಣಿ ಅಂಗಡಿ.

ಈಗ ಡಿಕ್ಕಿ ವಿಚಾರ. ನಮ್ಮಲ್ಲಿ ಎರಡು ಡಿಕ್ಕಿ ಇವೆ. ಒಂದು ಟಗರಿನ ಡಿಕ್ಕಿ, ಪೇಪರಿನಲ್ಲಿ ದಿನಾ ಬರುವ ‘ಬೈಕಿಗೆ ಲಾರಿ ಡಿಕ್ಕಿ’. ಇನ್ನೊಂದು ಇಂಗ್ಲಿಷಿನಿಂದ ಬಂದ ಡಿಕ್ಕಿ. ಕುದುರೆ ಸಾರೋಟಿನ ಹಿಂದೆ ಆಳು ಕೂರುವ ಸೀಟಿಗೆ ಆ ಹೆಸರಿತ್ತು. ಆಮೇಲೆ ಹಳೆಯ ಕಾರುಗಳ ಹಿಂದೆ ಮಡಚಿ ಬಿಚ್ಚುವ ಸೀಟಿಗೆ ಬಂತು. ಕೊನೆಗೆ ನಮ್ಮಲ್ಲಿ ಸಾಮಾನಿನ ಜಾಗಕ್ಕೇ ಅಂಟಿಕೊಂಡಿತು. ಇಂಗ್ಲೆಂಡಿನವರು ಅದನ್ನು ಬಿಟ್ಟು ಬೂಟ್ ಅಂತಿದ್ದಾರೆ, ನಾವು ಬಿಟ್ಟಿಲ್ಲ. ಸ್ಟೆಪ್ನಿಯೂ ಹಾಗೇ. ಅದು ವೇಲ್ಸ್‌ನ ಒಂದು ಬೀದಿಯ ಹೆಸರು. ಅಲ್ಲಿಯ ಕಂಪನಿ ಬಿಡಿ ಚಕ್ರ ಮಾಡುತ್ತಿತ್ತು. ಅಲ್ಲಿ ಆ ಮಾತು ಸತ್ತು ಎಷ್ಟು ಕಾಲವಾಯಿತೋ, ಶಿರಸಿ ಪಂಚರ್ ಅಂಗಡಿಯಲ್ಲಿ ಇನ್ನೂ ಗಟ್ಟಿಯಾಗಿದೆ.

ಎರಡು ಡಿಕ್ಕಿಯೂ ಇಷ್ಟು ವರ್ಷ ಜಗಳವಿಲ್ಲದೆ ಬದುಕಿದ್ದವು. ಯಾಕೆ ಅಂದರೆ ಸಾಮಾನಿನ ಡಿಕ್ಕಿ ಇರುವುದು ಹಿಂದೆ ಮಾತ್ರ. ಯಾರೂ ‘ಹಿಂದಿನ ಡಿಕ್ಕಿ’ ಅಂತ ಬಿಡಿಸಿ ಹೇಳುವುದಿಲ್ಲ. ‘ಡಿಕ್ಕಿಯಲ್ಲಿಡು’ ಅಂದರೆ ಮುಗೀತು. ‘ಮುಂದಿನ’ ಅಂತ ಸೇರಿಸಿದ ಕೂಡಲೇ ಅಪಘಾತದ ವಾಸನೆ ಬರುತ್ತದೆ. ಅಕ್ಕನದು ತಪ್ಪಲ್ಲ.

ಇದಕ್ಕೆ ಹಳೆಯ ದಾರಿ ಏನಾದರೂ ಇದೆಯಾ ಅಂತ ಹುಡುಕಿದೆ. 2009ರಲ್ಲಿ ಬಂದ ನ್ಯಾನೋ ನೆನಪಾಯಿತು. ಅದರ ಎಂಜಿನ್ ಹಿಂದೆ, ಸ್ಟೆಪ್ನಿ ಮುಂದೆ. ಪಕ್ಕದ ಮನೆಯವರು ಆ ಗಾಡಿ ಇಟ್ಟುಕೊಂಡಿದ್ದರು. ಆ ಜಾಗಕ್ಕೆ ಏನಂತಿದ್ದಿರಿ ಅಂತ ಕೇಳಿದೆ. ‘ಬಾನೆಟ್ ಒಳಗೆ ಅಂತಿದ್ವಿ, ಮತ್ತೆಂತದು?’ ಅಂದರು. ಅದು ಹೆಸರಲ್ಲ, ವಿಳಾಸ.

ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿನ ಟೆಂಪೋ ಓಡಿಸುವ ಗೆಳೆಯನೊಬ್ಬನಿದ್ದಾನೆ. ಮನೆಮಾತು ಕೊಂಕಣಿ. ಅವನು ಒಂದು ಗಳಿಗೆಯೂ ಯೋಚಿಸದೆ ‘ಫುಡ್ಲಿ ಡಿಕ್ಕಿ’ ಅಂದ. ಅಂದರೆ ಅದೇ ಮುಂದಿನ ಡಿಕ್ಕಿ. ಅವನಿಗೆ ಪದದ ಚಿಂತೆ ಇರಲಿಲ್ಲ. ಅಲ್ಲಿ ಫ್ರಿಜ್ ಓಡುವುದಾದರೆ ಥರ್ಮೋಕೋಲ್ ಪೆಟ್ಟಿಗೆ, ಬರ್ಫು ಇಲ್ಲದೆ ಇಸ್ವಾಣ ಮೀನನ್ನು ಘಟ್ಟ ಹತ್ತಿಸಬಹುದಲ್ಲ ಅಂತ ಲೆಕ್ಕ ಹಾಕುತ್ತಿದ್ದ.

ನನಗೆ ಹೊಳೆದದ್ದು ‘ಮುಂಗೂಡು’. ಮುಂಗೈ, ಮುಂಗಾಲು, ಮುಂಬಾಗಿಲು ಇದ್ದ ಹಾಗೆ. ಗೂಡು ಅಂದರೆ ಹಕ್ಕಿಯದ್ದು ಮಾತ್ರ ಅಲ್ಲ. ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆಯಲ್ಲಿ ಚಿಮಣಿ ಬುಡ್ಡಿ, ಸುಣ್ಣದ ಡಬ್ಬಿ, ಬೆಂಕಿಪೊಟ್ಟಣ ಇಡುತ್ತಿದ್ದದ್ದೂ ಗೂಡಿನಲ್ಲೇ. ಗೋಡೆ ಕಟ್ಟುವಾಗಲೇ ಬಿಟ್ಟ ಜಾಗ ಅದು, ಆಮೇಲೆ ತಂದಿಟ್ಟ ಪೆಟ್ಟಿಗೆಯಲ್ಲ. ಗಾಡಿಯ ಮುಂದಿನ ಜಾಗವೂ ಹಾಗೇ ಅಲ್ವಾ? ಟ್ರಂಕು ಅನ್ನುವ ಮಾತೂ ನಮ್ಮಲ್ಲಿದೆ, ಆದರೆ ಅದು ಅಟ್ಟದ ಮೇಲಿರುವ ತಗಡಿನ ಪೆಟ್ಟಿಗೆ. ‘ಮುಂಟ್ರಂಕು’ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹಲ್ಲು ಸಡಿಲ ಇದ್ದವರು ಹೇಳಬೇಡಿ.

ಇನ್ನು ಪ್ಲಗ್. ಇಲ್ಲಿ ಪುಸ್ತಕ ಒಂದು ಕಡೆ, ಊರು ಒಂದು ಕಡೆ. ಇಂಗ್ಲಿಷಿನಲ್ಲಿ ಪ್ಲಗ್ ಅಂದರೆ ಚುಚ್ಚುವುದು, ಸಾಕೆಟ್ ಅಂದರೆ ತೂತು. ನಮ್ಮಲ್ಲಿ ತೂತೇ ಪ್ಲಗ್ಗು. ‘ಪ್ಲಗ್ಗಿಗೆ ಹಾಕು’ ಅನ್ನುತ್ತೇವೆ. ಹಾಗಾದರೆ ಚುಚ್ಚುವುದು? ಅಂಗಡಿಗೆ ಹೋಗಿ ‘ತ್ರೀ ಪಿನ್ ಟಾಪ್ ಕೊಡಿ’ ಅಂದರೆ ಕೊಡುತ್ತಾರೆ. ತೂತು ಪ್ಲಗ್ಗು, ಪಿನ್ ಇದ್ದದ್ದು ಟಾಪು. ನನ್ನ ಟಿಪ್ಪಣಿಯಲ್ಲಿ ಇದನ್ನೇ ಇಟ್ಟುಕೊಳ್ಳುತ್ತೇನೆ. ಔಟ್‌ಲೆಟ್ ಅನ್ನುವುದಕ್ಕೆ ‘ನಿರ್ಗಮ’ ಅಂತ ಬರೆದರೆ ಹುಡುಗರು ಬಸ್‌ಸ್ಟ್ಯಾಂಡಿನ ಗೇಟು ಅಂದುಕೊಳ್ಳುತ್ತಾರೆ.

ಆದರೆ ಒಂದು ಕಡೆ ಊರಿನ ಮಾತನ್ನೇ ನಂಬಿದರೆ ಅಪಾಯ. ಮಾಣಿ ಹಾಕಿದ್ದು ಸಿಗರೇಟ್ ಲೈಟರ್ ಥರದ ಉರುಟು ಪ್ಲಗ್ಗು, 12 ವೋಲ್ಟಿನದ್ದು. ಎಲೆಕ್ಟ್ರಿಕ್ ಗಾಡಿಯಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಲೈನ್ ಒಂದಿರುತ್ತದೆ, ಲೈಟು, ಹಾರನ್ನಿಗೆ. ಅಲ್ಲಿಂದ ವೈರ್ ತೆಗೆದು, ಬ್ಯಾಟರಿ ಹತ್ತಿರವೇ 15 ಆಂಪಿನ ಫ್ಯೂಸ್ ಕೊಟ್ಟು, ಗಾಡಿ ಆಫ್ ಮಾಡಿದರೆ ಪ್ಲಗ್ಗೂ ಆಫ್ ಆಗುವಂತೆ ರಿಲೇ ಹಾಕಿದ್ದಾನೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ತಂಟೆಗೇ ಹೋಗಿಲ್ಲ. ಅದರಲ್ಲಿರುವುದು ದೊಡ್ಡ ಬ್ಯಾಟರಿಯ ಕರೆಂಟು, ಮುಟ್ಟಿದರೆ ಜೀವಕ್ಕೇ ಸಂಚಕಾರ.

ಇದನ್ನು ನಮ್ಮ ಮನೆಗೆ ವೈರಿಂಗ್ ಮಾಡಿದವರಿಗೆ ಹೇಳಿದೆ. ‘15 ಆಂಪಾ? ಹಂಗಾರೆ ಪವರ್ ಪ್ಲಗ್ಗೇ ಆಯ್ತು, ಗೀಸರ್ ಹಾಕ್ಲಕ್ಕು’ ಅಂದರು. ಸುಮ್ನೆ ತಮಾಷೆಗೆ ಅಂದರೋ ಏನೋ. ಆದರೆ ನನಗೆ ಜುಮ್ ಅಂತು. ಮನೆಯಲ್ಲಿ 15 ಆಂಪ್ ಅಂದರೆ 230 ವೋಲ್ಟಿನ ಲೆಕ್ಕದಲ್ಲಿ 3450 ವ್ಯಾಟ್. ಗಾಡಿಯ 12 ವೋಲ್ಟಿನಲ್ಲಿ ಅದೇ 15 ಆಂಪ್ ಅಂದರೆ ಬರೀ 180 ವ್ಯಾಟ್. ಸಣ್ಣ ಫ್ರಿಜ್ ಪೆಟ್ಟಿಗೆ ಓಡುತ್ತದೆ, ಟಯರಿಗೆ ಗಾಳಿ ಹೊಡೆಯುವ ಸಣ್ಣ ಪಂಪು ಓಡುತ್ತದೆ, ಕೆಟಲ್ ಇಟ್ಟರೆ ಫ್ಯೂಸ್ ಹಾರುತ್ತದೆ. ಹಾಗಾಗಿ ‘ಪವರ್ ಪ್ಲಗ್’ ಅನ್ನುವಂತಿಲ್ಲ. ‘ಲೈಟರ್ ಪ್ಲಗ್’ ಅನ್ನೋಣ ಅಂತಿದ್ದೇನೆ. ಹಾಗೆಂದರೆ ಡ್ರೈವರುಗಳಿಗೆ ತಟ್ಟನೆ ತಿಳಿಯುತ್ತದೆ.

ಕ್ರಿಯಾಪದವೂ ಒಂದು ಬೇಕು. ‘ಅಳವಡಿಸು’ ನನಗೆ ಯಾವಾಗಲೂ ಸರಕಾರಿ ಪ್ರಕಟಣೆ ಓದಿದ ಹಾಗೆ ಅನಿಸುತ್ತದೆ. ನಮ್ಮಲ್ಲಿ ‘ಒಂದು ಪಾಯಿಂಟ್ ಎಳೆದು ಕೊಡಿ’ ಅನ್ನುತ್ತಾರೆ. ವೈರ್ ಎಳೆಯುವುದು, ಪ್ಲಗ್ ಕೂರಿಸುವುದು, ಎರಡೂ ಅದರಲ್ಲೇ ಬಂತು. ಕೂಲಿಯ ಲೆಕ್ಕವೂ ಪಾಯಿಂಟಿಗೆ ಇಷ್ಟು ಅಂತಲೇ.

ಅಂತೂ ತಲೆಬರಹ ಸದ್ಯಕ್ಕೆ ಹೀಗಿದೆ: ‘ಗಾಡಿಯ ಮುಂಗೂಡಿಗೆ ಲೈಟರ್ ಪ್ಲಗ್ ಪಾಯಿಂಟ್ ಎಳೆಯುವುದು’. ಮುಂಗೂಡು ನಿಮ್ಮ ಕಿವಿಗೆ ಒಗ್ಗುತ್ತದಾ? ಮೈಸೂರು, ಧಾರವಾಡ, ಕಲಬುರಗಿ ಕಡೆ ಟಾಪ್ ಅಂದರೆ ಪಿನ್ ಇದ್ದದ್ದೇ ತಾನೇ, ಅಥವಾ ಬೇರೆ ಮಾತಿದೆಯಾ? ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರು ಯಾರಾದರೂ ಇದ್ದರೆ, ಮನೆಯಲ್ಲಿ ಮಕ್ಕಳು ಆ ಜಾಗಕ್ಕೆ ಏನಂತಾರೆ ಅನ್ನುವುದನ್ನು ಖಂಡಿತ ಬರೆಯಿರಿ. ನಿಘಂಟು ನೋಡಿ ಉತ್ತರ ಕೊಡಬೇಡಿ, ಅದು ನನ್ನ ಹತ್ತಿರವೂ ಇದೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಒಂದು ಮಾತು ಕೇಳಿ ಬಂದು ಹೇಳಿ.