ಆರಾಧನೆಗೆ ಬರುವವರು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಬರಬಹುದೇ?

ಪ್ರಶ್ನೆ (ಪಿಂಪ್ರಿ, ಪುಣೆ):
ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಭಾವ ಭಾನುವಾರದ ಆರಾಧನೆಗೆ ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡೇ ಹೋಗುತ್ತಾರೆ. 2017ರ ನವೆಂಬರ್‌ನಲ್ಲಿ ಆ ರಾಜ್ಯದ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಂಡಿನ ದಾಳಿಗೆ 26 ಜೀವ ಹೋದ ಮೇಲೆ ಅವರ ಸಭೆಯಲ್ಲಿ ಇದು ರೂಢಿಯಾಗಿಬಿಟ್ಟಿದೆಯಂತೆ. ಈಚೆಗೆ ಇಲ್ಲಿಗೆ ಬಂದಿದ್ದಾಗ, ನಮ್ಮ ಕನ್ನಡ ಸಭೆಯ ಬಾಗಿಲಲ್ಲಿ ಕೀರ್ತನೆ ಪುಸ್ತಕ ಹಂಚುವ ಹಿರಿಯರೊಬ್ಬರ ಹೊರತು ಬೇರೆ ಕಾವಲಿಲ್ಲದ್ದನ್ನು ಕಂಡು, ಪರವಾನಗಿ ಇರುವ ಒಬ್ಬಿಬ್ಬರಾದರೂ ಆಯುಧ ತರಬಾರದೇ ಎಂದು ಕೇಳಿದರು. ನಮ್ಮಲ್ಲಿ ಇಬ್ಬರು ನಿವೃತ್ತ ಸೈನಿಕರಿಗೆ ಪರವಾನಗಿ ಇದೆ. ಕ್ರಿಸ್‌ಮಸ್‌ಗೆ ಮುನ್ನ ಇದನ್ನು ಸಮಿತಿಯ ಮುಂದಿಡಬಹುದೇ?

ಉತ್ತರ 1 (ಮಾಟುಂಗಾ, ಮುಂಬೈ):
ನಾನು ವಕೀಲ. ಸಮಿತಿಗೆ ಇದರಲ್ಲಿ ಆಯ್ಕೆಯೇ ಇಲ್ಲ. 1988ರ ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾವ ಧಾರ್ಮಿಕ ಸಂಸ್ಥೆಯೂ ಆಯುಧವನ್ನಾಗಲಿ, ಆಯುಧ ಹೊತ್ತವರನ್ನಾಗಲಿ ಒಳಗೆ ಬಿಡುವಂತಿಲ್ಲ. ಸಿಖ್ಖರ ಕಿರ್ಪಾಣಕ್ಕೆ ಮತ್ತು ಸಂಪ್ರದಾಯದಿಂದ ಬಂದ ವಿಧಿಗಳಲ್ಲಿ ಬಳಸುವ ಆಯುಧಗಳಿಗೆ ಮಾತ್ರ ವಿನಾಯಿತಿ. ತಪ್ಪಿದರೆ ವ್ಯವಸ್ಥಾಪಕರಿಗೂ ಭಾಗಿಯಾದವರಿಗೂ 5 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಅಂದರೆ ಪಿಸ್ತೂಲು ಸೈನಿಕರದ್ದಾದರೂ ಮೊದಲು ಸಿಕ್ಕಿಬೀಳುವವರು ನಿಮ್ಮ ಕಾರ್ಯದರ್ಶಿಗಳು. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಪೂರ್ತಿ ಮುಚ್ಚಿಯೇ ಒಯ್ಯಬೇಕೆಂದು 2016ರ ಆಯುಧ ನಿಯಮಗಳು ಹೇಳುವುದನ್ನು ಕೆಲವರು ಎಲ್ಲೆಡೆಗೂ ರಹದಾರಿಯೆಂದು ತಿಳಿಯುತ್ತಾರೆ. ಪರವಾನಗಿ ಪಡೆದವರು ಪಾಲಿಸಬೇಕಾದ ಷರತ್ತು ಅದು, ಅಷ್ಟೇ.

ಉತ್ತರ 2 (ವಾಸ್ಕೋ, ಗೋವಾ):
ಇಪ್ಪತ್ತು ವರ್ಷ ಸೇನೆಯಲ್ಲಿದ್ದವನು ನಾನು. ನಿಮ್ಮ ಭಾವ 2019ರ ಡಿಸೆಂಬರ್ 29ರ ವೈಟ್ ಸೆಟಲ್‌ಮೆಂಟ್ ಘಟನೆಯನ್ನೂ ಹೇಳಿರಬೇಕು. ಟೆಕ್ಸಾಸ್‌ನದೇ ಆ ಊರಿನ ಚರ್ಚಿನಲ್ಲಿ ಸಭೆಯವರೇ ಆದ ಜ್ಯಾಕ್ ವಿಲ್ಸನ್ ಎಂಬುವರು ಒಂದೇ ಗುಂಡಿಗೆ ಕೊಲೆಗಾರನನ್ನು ಕೆಡವಿದರು. ಎಲ್ಲ ಮುಗಿದದ್ದು 6 ಸೆಕೆಂಡಿನಲ್ಲಿ. ಆ 6 ಸೆಕೆಂಡಿನಲ್ಲೇ ಇಬ್ಬರು ಸತ್ತಿದ್ದರು, ಮತ್ತು ವಿಲ್ಸನ್ ಗುಂಡು ಹಾರಿಸುವುದನ್ನು ಕಲಿಸುತ್ತಿದ್ದ ತರಬೇತುದಾರ. ಉಳಿದ ಸಭಿಕರಲ್ಲಿ ಹಲವರು ಪಿಸ್ತೂಲು ಎಳೆದು ಬೆಂಚುಗಳ ನಡುವೆ ಮುನ್ನುಗ್ಗುವುದು ನೇರಪ್ರಸಾರದ ವೀಡಿಯೋದಲ್ಲಿದೆ. ಅದನ್ನು ನೋಡುವಾಗ ನನಗೆ ಭಯ ಹುಟ್ಟಿಸಿದ್ದು ಆ ಕೈಗಳು. ರೇಂಜಿನಲ್ಲಿ ಅಲುಗಾಡದೆ ನಿಂತ ಗುರಿಯನ್ನೇ ತಪ್ಪಿಸುತ್ತಿದ್ದ ಜವಾನರನ್ನು ನಾನು ಬಲ್ಲೆ. ಆ ಗದ್ದಲದಲ್ಲಿ ಯಾರ ಗುಂಡು ಯಾರಿಗೆ ತಗುಲಬಹುದು?

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾದ್ದು. 2019ರ ಈಸ್ಟರ್ ದಿನ ಬಟ್ಟಿಕಲೋವಾದ ಝಿಯೋನ್ ಚರ್ಚಿಗೆ ಬಾಂಬಿನ ಚೀಲ ಹೊತ್ತು ಬಂದವನನ್ನು ಸಭೆಯವರೊಬ್ಬರು ಸಂಶಯಪಟ್ಟು ಹೊರಗೇ ತಡೆದರು. ಅವರೂ ಸತ್ತರು, ಅಂಗಳದಲ್ಲಿದ್ದ ಮಕ್ಕಳೂ ಸತ್ತರು. ಆದರೆ ತುಂಬಿದ ಸಭೆ ಉಳಿಯಿತು. ಅವರ ಬಳಿ ಆಯುಧವಿರಲಿಲ್ಲ.

ಉತ್ತರ 3 (ಖರಾಡಿ, ಪುಣೆ):
ನಾನು ಕೊಡವ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ಮನೆಯ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತೇವೆ. ಎಲ್ಲರ ಕಣ್ಣೆದುರಿಗಿರುವ ಕೋವಿ ಅದು. ಪಕ್ಕದಲ್ಲಿ ಕುಳಿತವನ ಅಂಗಿಯೊಳಗೆ ಏನಿದೆಯೋ ಎಂದು ಯೋಚಿಸುತ್ತಾ ಕೈಮುಗಿಯುವುದು ನನ್ನಿಂದಾಗದು.

ಪ್ರಶ್ನೆ ಕೇಳಿದವರು:
ವಂದನೆಗಳು. ಪಿಸ್ತೂಲಿನ ಮಾತನ್ನು ಕೈಬಿಟ್ಟೆ. ಕ್ರಿಸ್‌ಮಸ್ ರಾತ್ರಿಯ ಬಂದೋಬಸ್ತಿಗಾಗಿ ಪೊಲೀಸ್ ಠಾಣೆಗೆ ಪತ್ರ ಕೊಡುವುದೆಂದೂ, ಸೈನಿಕರಿಬ್ಬರನ್ನು ಬರಿಗೈಯಲ್ಲೇ ಗೇಟಿನ ಬಳಿ ನಿಲ್ಲಿಸುವುದೆಂದೂ ನಿಶ್ಚಯಿಸಿದ್ದೇವೆ. ಬಾಗಿಲಲ್ಲಿ ನಿಲ್ಲುವ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಹಾಗಾದರೆ ಪುಸ್ತಕ ಹಂಚಲು ಬೇರೆ ಯಾರನ್ನಾದರೂ ಕೊಡಿ, ತಲೆ ತಗ್ಗಿಸಿ ಪುಸ್ತಕ ಎಣಿಸುತ್ತಿದ್ದರೆ ಬರುವವರ ಮುಖ ನೋಡುವುದು ಹೇಗೆ?"