ಅಪ್‌ಡೇಟ್: ಸೆನ್ಸರ್ ಫೌಂಟನ್ ಬಂತು, ಬೆಕ್ಕು ಕೊನೆಗೂ ಕುಡಿಯುತ್ತಿದೆ

ಬೆಕ್ಕು, ನಾಯಿ ಎರಡಕ್ಕೂ ಆಗುವಂಥ ಸೆನ್ಸರ್ ಫೌಂಟನ್ (ಪ್ರಾಣಿ ಹತ್ತಿರ ಬಂದರೆ ತಾನಾಗಿ ಪಂಪ್ ಆನ್ ಆಗಿ ನೀರು ಹರಿಯುವ ಬಟ್ಟಲು) ಯಾವುದು ಒಳ್ಳೆಯದು ಅಂತ ಹೋದ ತಿಂಗಳು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸ್ಟೀಲ್ ಬೌಲ್ ಇರುವುದನ್ನೇ ತೆಗೆದುಕೊಂಡೆ. ಪ್ಲಾಸ್ಟಿಕ್‌ನಲ್ಲಿ ಗೀರು ಬಿದ್ದರೆ ಅಲ್ಲಿ ಲೋಳೆ ಕೂರುತ್ತದೆ, ಉಜ್ಜಿದರೂ ಪೂರ್ತಿ ಹೋಗುವುದಿಲ್ಲ.

ಮೊದಲ ಎರಡು ದಿನ ತುಂಬಾ ಬೇಜಾರಾಯಿತು. ಬೆಕ್ಕು ಹತ್ತಿರ ಬಂದು ಮೂತಿ ಚಾಚುತ್ತಿದ್ದ ಹಾಗೆ ಪಂಪ್ ಗುರ್ ಅಂತ ಶುರುವಾಗುತ್ತಿತ್ತು. ಅದು ಕಿವಿ ಹಿಂದಕ್ಕೆ ಮಡಚಿ ಮಂಚದ ಕೆಳಗೆ ಓಡಿಬಿಡುತ್ತಿತ್ತು, ಪಾಪ. ಆಮೇಲೆ ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಒಂದು ವಾರ ಸೆನ್ಸರ್ ಆಫ್ ಮಾಡಿ, ನೀರು ಸುಮ್ನೆ ಹರಿಯುತ್ತಲೇ ಇರಲಿ ಅಂತ ಬಿಟ್ಟೆ. ಈಗ ಸೆನ್ಸರ್ ಮೋಡ್‌ನಲ್ಲೂ ಧೈರ್ಯವಾಗಿ ಕುಡಿಯುತ್ತದೆ. ನಾಯಿಗೆ ಮೊದಲಿನಿಂದಲೂ ತೊಂದರೆ ಇರಲಿಲ್ಲ.

ಜಾಗವೂ ಮುಖ್ಯ. ಓಡಾಡುವ ದಾರಿಯಲ್ಲಿ ಇಟ್ಟಾಗ ನಾವು ದಾಟಿದಾಗಲೆಲ್ಲ ಪಂಪ್ ಆನ್ ಆಗುತ್ತಿತ್ತು. ಮೂಲೆಗೆ ಸರಿಸಿದ ಮೇಲೆ ನಿಂತಿತು.

ನಿನ್ನೆ ಸದ್ದು ಜಾಸ್ತಿಯಾಯಿತಲ್ಲ ಅಂತ ಪಂಪ್ ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಚಕ್ರಕ್ಕೆ ಕೂದಲು ಸುತ್ತಿಕೊಂಡಿತ್ತು. ಇನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ. ನೀರಿಲ್ಲದೆ ಓಡಿದರೆ ಪಂಪ್ ಕೆಡುತ್ತದೆ, ಹಾಗಾಗಿ ಬೆಳಿಗ್ಗೆ ಸಂಜೆ ಮಟ್ಟ ನೋಡುತ್ತೇನೆ. ಕರೆಂಟ್ ಹೋದರೆ ಇರಲಿ ಅಂತ ಹಳೆಯ ಬಟ್ಟಲನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ.