ನಿವೃತ್ತಿ ಆದೇಶ ಇನ್ನೂ ಬಂದಿಲ್ಲ

"ನಾನು ಬಿಟ್ಟುಬಿಟ್ಟೆ ಕಣೇ," ಎಂದಳು ಶಾಲಿನಿ, ಕುಕ್ಕರಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ ಕೂರುತ್ತಾ.

"ಈಗ ಏನನ್ನ?" ಸರೋಜ ಕೇಳಿದಳು. "ಹೋದ ವರ್ಷ ಸಕ್ಕರೆ ಬಿಟ್ಟೆ. ಆಮೇಲೆ ಮೈದಾ ಬಿಟ್ಟೆ. ಆಮೇಲೆ ಪ್ಲಾಸ್ಟಿಕ್ ಡಬ್ಬ ಎಲ್ಲಾ ತಂದು ನಮ್ಮನೆಗೆ ಕೊಟ್ಟೆ. ಬಿಡೋಕೆ ಇನ್ನೇನು ಉಳಿದಿದೆ?"

"ಮಾತ್ರೆ. ಅದೇ... ಮಕ್ಕಳಾಗದ ಹಾಗೆ ತಗೊಳ್ಳೋ ಆ ಮಾತ್ರೆ. ನಲವತ್ತಾರಾಯ್ತು. ಮೈಗೆ ಇನ್ನೆಷ್ಟು ದಿನ ಕೆಮಿಕಲ್ ತುಂಬೋದು? ಇನ್ಮೇಲೆ ಎಲ್ಲಾ ನ್ಯಾಚುರಲ್."

ಗೀತಾ ಹಿಂದೆ ಮುಂದೆ ನೋಡಿದಳು. "ಮೆಲ್ಲಗೆ ಮಾತಾಡೇ. ನಮ್ಮ ಹೆಡ್‌ಮಾಸ್ಟರು ಇಲ್ಲೇ ವಾಕಿಂಗ್ ಬರ್ತಾರೆ."

"ಬರಲಿ ಬಿಡು. ಅವರ ಮನೇಲೂ ಇದೇ ಪ್ರಶ್ನೆ ಇರುತ್ತೆ," ಎಂದ ಸರೋಜ ಶಾಲಿನಿಯ ಕಡೆ ತಿರುಗಿದಳು. "ನೋಡು, ಪೂರ್ತಿ ನ್ಯಾಚುರಲ್ ಆಗಿ ಬದುಕಿದವರು ಅಂದ್ರೆ ನಮ್ಮಜ್ಜಿ. ಗಾಣದ ಎಣ್ಣೆ, ನಾಟಿ ಹಸು ಹಾಲು, ಬೆಲ್ಲದ ಕಾಫಿ. ಹನ್ನೊಂದು ಹೆತ್ತರು."

"ಅಷ್ಟೊಂದು ಆಗಲ್ಲ ಈಗ. ಇದಿದೆ." ಶಾಲಿನಿ ಫೋನ್ ತೆಗೆದು ತೋರಿಸಿದಳು. ತಿಂಗಳ ಕ್ಯಾಲೆಂಡರು, ಅದರ ತುಂಬ ಬಣ್ಣದ ಬೊಟ್ಟು. "ಡೇಟ್ ಹಾಕಿದ್ರೆ ಸಾಕು. ಹಸಿರು ಬಂದ ದಿನ ಸೇಫ್. ಕೆಂಪು ಬಂದ ದಿನ ದೂರ."

"ನಿಮ್ಮೆಜಮಾನರು ರಾಮಸ್ವಾಮಿ ಸರ್ಕಲ್ಲಿನ ಕೆಂಪು ಸಿಗ್ನಲ್ಲಿಗೇ ನಿಲ್ಲಲ್ಲ. ಇದಕ್ಕೆ ನಿಲ್ತಾರಾ?"

ಜಯಮ್ಮ ಸಿಸ್ಟರ್ ಅಷ್ಟು ಹೊತ್ತು ಸೀಬೆಹಣ್ಣು ತಿನ್ನುತ್ತಾ ಸುಮ್ಮನೆ ಕೂತಿದ್ದರು. ನಂಜನಗೂಡಿನ ಕಡೆ ಹಳ್ಳಿಹಳ್ಳಿ ಸುತ್ತಿ ನಿವೃತ್ತರಾದವರು. ಹೆರಿಗೆ ಮಾಡಿಸಿದ್ದೆಷ್ಟೋ, ಹೆರಿಗೆ ಆಗದಂತೆ ನೋಡಿಕೊಂಡಿದ್ದೆಷ್ಟೋ. ಬೀಜ ಉಗಿದು ಹೇಳಿದರು: "ಮಾತ್ರೆ ಬಿಟ್ಟಿದ್ದು ತಪ್ಪಲ್ಲಮ್ಮ. ಬಿಪಿ ಇದ್ರೆ, ಒಂದು ಕಡೆ ತಲೆನೋವು ಬರೋದಿದ್ರೆ, ಈ ವಯಸ್ಸಲ್ಲಿ ಡಾಕ್ಟರೇ ಬಿಡಿಸ್ತಾರೆ. ಆದರೆ ಬಿಟ್ಟ ಜಾಗಕ್ಕೆ ಏನಿಟ್ಟೆ? ಈ ಬೊಟ್ಟುಗಳನ್ನಾ? ಅದು ಹೋದ ತಿಂಗಳುಗಳ ಲೆಕ್ಕ ನೋಡಿ ಮುಂದಿನ ತಿಂಗಳು ಹೇಳುತ್ತೆ. ಡೇಟು ಸರಿಯಾಗಿ ಬರೋ ಇಪ್ಪತ್ತೈದರ ಹುಡುಗಿಗೇ ಅದು ಪೂರ್ತಿ ಗ್ಯಾರಂಟಿ ಅಲ್ಲ. ನಿನಗೆ ಹೋದ ಸಲ ಎಷ್ಟು ದಿನಕ್ಕೆ ಬಂತು?"

"ಇಪ್ಪತ್ತಮೂರು. ಅದರ ಹಿಂದಿನ ಸಲ ನಲವತ್ತೊಂದು."

"ಮುಗೀತು. ಪಾಪ, ಆ ಆಪಿಗೆ ಏನು ಅರ್ಥ ಆಗಬೇಕು?"

"ಆದರೆ ಸಿಸ್ಟರ್, ನಲವತ್ತಾರಕ್ಕೆ ಇನ್ನೇನಾಗುತ್ತೆ? ಎಲ್ಲಾ ಮುಗೀತಲ್ವಾ?"

ಸರೋಜ ಇದಕ್ಕೇ ಕಾಯುತ್ತಿದ್ದಳು. ನಮ್ಮ ಸರೋಜ ತಾಲೂಕು ಕಚೇರಿಯಲ್ಲಿ ಎಫ್‌ಡಿಎ. ಲೋಕದ ಯಾವ ಸಂಗತಿಯೂ ಸೇವಾ ನಿಯಮಾವಳಿಯ ಆಚೆ ಇಲ್ಲ ಎಂದು ನಂಬಿದವಳು.

"ಮುಗೀತು ಅಂತ ಆದೇಶ ಎಲ್ಲಿದೆ?" ಎಂದಳು. "ನಮಗೆ 60 ಆಗ್ತಿದ್ದ ಹಾಗೆ ಆರ್ಡರ್ ಬರುತ್ತೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಮಾರನೇ ದಿನ ಕುರ್ಚಿ ಖಾಲಿ. ಇದು ಹಾಗಲ್ಲ. ಎರಡು ತಿಂಗಳು ಗೈರುಹಾಜರಿ. ರಜಾ ಚೀಟಿ ಇಲ್ಲ, ಫೋನಿಲ್ಲ. ಆಯ್ತು, ಹೊರಟುಹೋಯ್ತು ಅಂತ ಕುರ್ಚಿ ಒರೆಸಿಟ್ಟರೆ ಮೂರನೇ ತಿಂಗಳು ದಡಕ್ಕಂತ ಬಂದು ಕೂತು, 'ನನ್ನ ಫೈಲ್ ಎಲ್ಲಿ?' ಅನ್ನುತ್ತೆ."

"ಥೂ," ಎಂದು ಗೀತಾ ನಕ್ಕಳು.

"ನಗಬೇಡ. ನಿವೃತ್ತಿಗೆ ಹತ್ತಿರ ಬಂದ ಆಫೀಸರನ್ನ ನೀನು ನೋಡಿಲ್ಲ. ಮೂವತ್ತು ವರ್ಷ ಒಂದು ಸಹಿ ಹಾಕದವನು ಕೊನೆ ತಿಂಗಳಲ್ಲಿ ಒಂದೇ ದಿನ ಎರಡೆರಡು ಫೈಲ್ ವಿಲೇವಾರಿ ಮಾಡ್ತಾನೆ."

"ಅದು ನಿಜವೇ," ಎಂದರು ಜಯಮ್ಮ. "ಮೂವತ್ತೈದು ದಾಟಿದ ಮೇಲೆ ಕೆಲವರಿಗೆ ಒಂದೇ ತಿಂಗಳಲ್ಲಿ ಎರಡು ಅಂಡ ಬಿಡುಗಡೆ ಆಗುತ್ತೆ. ಅದಕ್ಕೇ ತಡವಾಗಿ ಬಸುರಾದವರಿಗೆ ಅವಳಿ ಸ್ವಲ್ಪ ಜಾಸ್ತಿ."

ಶಾಲಿನಿ ಫೋನನ್ನು ಮಗುಚಿ ಇಟ್ಟಳು.

ಗೀತಾಗೆ ತನ್ನ ತವರು ನೆನಪಾಯಿತು. ಅವಳ ಅಕ್ಕ ಹುಟ್ಟಿ ಎರಡು ವರ್ಷಕ್ಕೆ ಅವಳ ಅಜ್ಜಿಗೆ ಕೊನೇ ಮಗ ಹುಟ್ಟಿದನಂತೆ. ತಾಯಿ ಮಗಳು ಇಬ್ಬರೂ ಒಂದೇ ತೊಟ್ಟಿಲು ಹಂಚಿಕೊಂಡರು. "ನಮ್ಮಕ್ಕನಿಗಿಂತ ಚಿಕ್ಕವನು ನಮ್ಮ ಸೋದರಮಾವ. ಅವಳೇ ಅವನಿಗೆ ಚಡ್ಡಿ ಗುಂಡಿ ಹಾಕಿ ಸ್ಕೂಲಿಗೆ ಕರಕೊಂಡು ಹೋಗಿದ್ದು. ಅವಳ ಮದುವೆ ಮಂಟಪದಲ್ಲಿ ಮಾವ ಅಂತ ಅವನ ಕಾಲಿಗೇ ಬೀಳಿಸಿದರು. ಬಗ್ಗಿದವಳು ಅಲ್ಲೇ ನಗು ತಡೀಲಾರದೆ ಎಲ್ಲರ ಹತ್ತಿರ ಬೈಸಿಕೊಂಡಳು."

"ಆ ಕಾಲದಲ್ಲಿ ನಾಚಿಕೆ ಪಡ್ತಿರಲಿಲ್ಲ. ಈಗ ಮೆಡಿಕಲ್ ಶಾಪಿಗೆ ಹೋಗೋಕೇ ಸಂಕಟ," ಎಂದಳು ಶಾಲಿನಿ. ಡೇಟು ನಲವತ್ತೊಂದು ದಿನಕ್ಕೆ ಹೋದಾಗ ಹೆದರಿ ಟೆಸ್ಟ್ ಮಾಡುವ ಕಿಟ್ ತರಲು ಹೋಗಿದ್ದಳಂತೆ. ಕೌಂಟರಿನ ಹುಡುಗ ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, "ಮಗಳಿಗಾ ಆಂಟಿ?" ಎಂದನಂತೆ.

"ಏನಂದೆ?"

"ಹೂಂ ಅಂದೆ."

"ಅಯ್ಯೋ ಪುಣ್ಯಾತ್ಗಿತ್ತಿ! ನಿನ್ನ ಮಗಳು ಒಂಬತ್ತನೇ ಕ್ಲಾಸು!"

ಸ್ವಲ್ಪ ಹೊತ್ತು ಯಾರಿಗೂ ಮಾತಾಡಲು ಆಗಲಿಲ್ಲ. ಜಯಮ್ಮನವರಿಗೆ ಸೀಬೆಹಣ್ಣು ಗಂಟಲಿಗೆ ಹತ್ತಿ ನೀರು ಕುಡಿಸಬೇಕಾಯಿತು.

"ಸರಿ, ಹಾಗಾದ್ರೆ ಯಾವಾಗ ಬಿಡಬಹುದು? ನೆಟ್ಟಗೆ ಹೇಳಿ," ಎಂದಳು ಶಾಲಿನಿ, ಕಣ್ಣೊರೆಸಿಕೊಂಡು.

"ನೆಟ್ಟಗೆ ಹೇಳ್ತೀನಿ. 50 ದಾಟಿದ ಮೇಲೆ ಮುಟ್ಟು ನಿಂತರೆ, ಕೊನೇ ಮುಟ್ಟಿನಿಂದ ಪೂರ್ತಿ ಒಂದು ವರ್ಷ ಕಾಯಬೇಕು. 50ರ ಒಳಗೇ ನಿಂತರೆ ಎರಡು ವರ್ಷ. 55 ಆದರೆ ಇನ್ನು ಬೇಡ, ಬಿಡಬಹುದು ಅಂತಾರೆ."

"ಹನ್ನೊಂದನೇ ತಿಂಗಳಲ್ಲಿ ಒಂದು ಸಲ ಬಂದುಬಿಟ್ಟರೆ?"

"ಮತ್ತೆ ಒಂದರಿಂದ ಎಣಿಸು."

"ನೋಟಿಸ್ ಪೀರಿಯಡ್!" ಎಂದು ಸರೋಜ ತೊಡೆ ತಟ್ಟಿದಳು. "ಎರಡು ವರ್ಷ ನೋಟಿಸ್ ಪೀರಿಯಡ್ ಯಾವ ಕಂಪನೀಲೂ ಇಲ್ಲ."

"ಇನ್ನೊಂದು. ಆ ವರ್ಷ ಪೂರ್ತಿ ನಿಂತು, ಆಮೇಲೆ ಯಾವತ್ತಾದ್ರೂ ಒಂದು ಹನಿ ಕಾಣಿಸಿದರೂ ಡಾಕ್ಟರ ಹತ್ತಿರ ಓಡಬೇಕು. ಅದಕ್ಕೆ ಮಾತ್ರ ಹರಟೆ ಹೊಡೀತಾ ಕೂರಬಾರದು." ಸಿಸ್ಟರ್ ಇದನ್ನು ಹೇಳುವಾಗ ನಗಲಿಲ್ಲ.

"ಆದರೆ ನಾನು ಮಾತ್ರೆ ತಗೊಳ್ತಿದ್ದಾಗ ತಿಂಗಳು ತಿಂಗಳು ಕರೆಕ್ಟಾಗಿ ಬರ್ತಿತ್ತಲ್ಲ. ನಿಂತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದು ಮಾತ್ರೆ ತರಿಸೋದು, ನಿಂದಲ್ಲ."

"ಅಂದರೆ ಹಾಜರಿ ಪುಸ್ತಕಕ್ಕೆ ಇನ್ಯಾರೋ ಸಹಿ ಹಾಕ್ತಿದ್ರು," ಎಂದಳು ಸರೋಜ. "ಅಮಾನತು ಮಾಡಬೇಕಾದ ಕೇಸು."

"ನಮ್ಮ ಕಡೆ ಹೆಂಗಸರಿಗೆ 46–47ಕ್ಕೆಲ್ಲಾ ನಿಲ್ಲುತ್ತೆ ಅಂತಾರೆ ಸಿಸ್ಟರ್?"

"ಸರಾಸರಿ ಅದು. ಸರಾಸರಿ ನೋಡಿಕೊಂಡು ಕೂತರೆ ನಾಮಕರಣಕ್ಕೆ ನಮ್ಮನ್ನ ಕರೀತೀಯ ಅಷ್ಟೇ."

ಗೀತಾ ಇಷ್ಟು ಹೊತ್ತೂ ವೇಲಿನ ತುದಿ ಸುತ್ತುತ್ತಿದ್ದಳು. "ನಂದು ವಂಕಿ, ಅದೇ ಕಾಪರ್-ಟಿ," ಎಂದಳು. "37ಕ್ಕೆ ಹಾಕಿಸಿದ್ದು. ಮೊನ್ನೆಗೆ ಹತ್ತು ವರ್ಷ ಆಯ್ತು."

"ಹತ್ತು ವರ್ಷದ್ದಾದ್ರೆ ಅವಧಿ ಮುಗೀತು. ತೆಗೆಸಿ ಹೊಸದು ಹಾಕಿಸಿಬಿಡು. ನಲವತ್ತು ದಾಟಿ ಹಾಕಿಸಿಕೊಂಡರೆ ಮುಟ್ಟು ನಿಲ್ಲೋವರೆಗೂ ಅದೇ ನಡೆಯುತ್ತೆ ಅಂತಾರೆ. ಆಮೇಲೆ ತೆಗೆಸೋದು ಮಾತ್ರ ಮರೀಬಾರದು. ಎಪ್ಪತ್ತರ ಅಜ್ಜಿಗೆ ಎಕ್ಸ್‌ರೇ ತೆಗೆದರೆ ಒಳಗೆ ವಂಕಿ ಕೂತಿರೋದು ನಾನು ನೋಡಿದ್ದೀನಿ."

"ಸರ್ಕಾರಿ ಕ್ವಾರ್ಟರ್ಸ್ ಖಾಲಿ ಮಾಡದ ನೌಕರ," ಎಂದಳು ಸರೋಜ.

ಗೀತಾ ನಗಲಿಲ್ಲ. "ತೆಗೆಸಿ ಹಾಗೇ ಬಿಟ್ಟುಬಿಡೋಣ ಅನ್ನಿಸುತ್ತೆ ಸಿಸ್ಟರ್."

"ಯಾಕಮ್ಮ?"

"ಸುಮ್ನೆ. ನಮ್ಮೂರ ಆಸ್ಪತ್ರೆ ಗೋಡೆ ಮೇಲೆ ಕೆಂಪು ತ್ರಿಕೋನ ಬರೆದು ಪಕ್ಕದಲ್ಲಿ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಅಂತ ಇರ್ತಿತ್ತು. ನನಗೆ ಕೀರ್ತಿಗೇ ಇಬ್ಬರು ಹುಟ್ಟಿದರು. ವಂಕಿ ಹಾಕಿಸಿಕೊಂಡಾಗ ಚಿಕ್ಕವನು ಒಂದನೇ ಕ್ಲಾಸು, ಈಗ ಮೂಡುಬಿದಿರೆಯಲ್ಲಿ ಪಿಯುಸಿ ಹಾಸ್ಟೆಲ್ಲು. ಭಾನುವಾರ ಫೋನ್ ಮಾಡಿ 'ಹೂಂ', 'ಊಟ ಆಯ್ತು', 'ಇಡ್ತೀನಿ' ಅಂತಾನೆ. ಅಷ್ಟೇ. ಮಗು ಬೇಕು ಅಂತಲ್ಲ. ಬೇಡ ಅಂತ ಬಾಗಿಲು ಹಾಕೋದು ನಾನೇ ಆಗಬೇಕಲ್ಲ, ಅದು..."

ಜಯಮ್ಮ ಅವಳ ಕೈ ಹಿಡಿದುಕೊಂಡರು. ಆದರೆ ಹೇಳುವುದನ್ನು ಹೇಳದೆ ಬಿಡುವವರಲ್ಲ. ನಲವತ್ತೈದು ದಾಟಿದ ಮೇಲೆ ಬಸುರಾದರೆ ಅರ್ಧಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಬಿಪಿ, ಸಕ್ಕರೆ ಬರುವ ಸಂಭವವೂ ಹೆಚ್ಚು, ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಂಭವ ನಲವತ್ತಕ್ಕೆ ಸುಮಾರು ನೂರಕ್ಕೆ ಒಂದು ಇದ್ದದ್ದು ನಲವತ್ತೈದಕ್ಕೆ ಮೂವತ್ತಕ್ಕೆ ಒಂದರ ಹತ್ತಿರ ಬರುತ್ತದೆ. "ಬೇಕು ಅಂದ್ರೆ ಡಾಕ್ಟರ ಹತ್ತಿರ ಕೂತು ಬೇಕು ಅಂತ ಹೇಳು. ಬೇಡ ಅಂದ್ರೆ ಬೇಡ ಅಂತ ಹೇಳು. 'ಸುಮ್ನೆ' ಅನ್ನೋದು ಮಾತ್ರ ನನ್ನ ಸರ್ವೀಸಿನಲ್ಲಿ ಬಹಳ ಜನರನ್ನ ಹೆರಿಗೆ ಟೇಬಲ್ಲಿಗೆ ತಂದಿದೆ."

"ನೀವಾದ್ರೂ ಕೂತು ಯೋಚನೆ ಮಾಡ್ತಿದ್ದೀರಿ," ಎಂದಳು ಸರೋಜ. "ನಾನು ಇಪ್ಪತ್ತೇಳಕ್ಕೇ ವಿಆರ್‌ಎಸ್ ತಗೊಂಡವಳು."

"ಆಪರೇಷನ್ನಾ?"

"ಎರಡನೇ ಹೆರಿಗೆ ಆಗಿ ಮೂರನೇ ದಿನ. ಅತ್ತೆ, ಅಮ್ಮ, ಡಾಕ್ಟರು, ಮೂವರೂ ಮಂಚದ ಆ ಕಡೆ ನಿಂತು ತೀರ್ಮಾನ ಮಾಡಿದರು. ನನ್ನನ್ನ ಕೇಳಿದ್ದು ಕಾಫಿ ಕುಡೀತೀಯಾ ಅಂತ. ಇನ್ನೊಂದು ಬೇಕು ಅಂತ ನನಗೂ ಇರಲಿಲ್ಲ ಬಿಡು. ಕೇಳಿದ್ದರೆ ನಾನೂ ಹೂಂ ಅಂತಿದ್ದೆ. ಕೇಳಬಹುದಿತ್ತು." ಕೆರೆಯ ಕಡೆ ನೋಡಿ, ತಕ್ಷಣ ದನಿ ಬದಲಿಸಿದಳು. "ಈಗಲೂ ತಿಂಗಳು ತಿಂಗಳು ಬರುತ್ತೆ, ಪಿಂಚಣಿ ತಗೊಳ್ಳೋಕೆ."

"ನೀನೊಬ್ಬಳೇ ಅಲ್ಲ," ಎಂದರು ಜಯಮ್ಮ. "2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಜನಕ್ಕೆ ಆಪರೇಷನ್ ಆಗಿತ್ತು."

"ಗಂಡಸರು?"

"ನೂರಕ್ಕೆ ಒಬ್ಬರೂ ಇಲ್ಲ."

"ಅವರದ್ದು ಕಾಯಂ ಹುದ್ದೆ," ಎಂದಳು ಸರೋಜ. "ನಿವೃತ್ತಿ ವಯಸ್ಸಿಲ್ಲ. ಕೆಲಸವೂ ಇಲ್ಲ. ಟಿಎ ಡಿಎ ಮಾತ್ರ."

"ಹೆಸರಿಗೆ ಮೈಸೂರು ಬೇರೆ," ಎಂದು ಜಯಮ್ಮ ನಿಟ್ಟುಸಿರು ಬಿಟ್ಟರು. "1930ರಲ್ಲೇ ಇಲ್ಲಿನ ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣಕ್ಕೆ ಕ್ಲಿನಿಕ್ ತೆರೆಯಿತು. ದೇಶಕ್ಕೆಲ್ಲ ಈ ಯೋಜನೆ ಬಂದಿದ್ದು 1952ಕ್ಕೆ. ಅಷ್ಟು ಹಳೇ ಊರಲ್ಲಿ ಇವತ್ತೂ ಈ ಮಾತನ್ನ ಕೆರೆ ಏರಿ ಮೇಲೆ ಪಿಸುಗುಟ್ಟಬೇಕು."

"ಪಿಸುಗುಟ್ಟಿದ್ದು ಗೀತಾ ಒಬ್ಬಳೇ," ಎಂದಳು ಸರೋಜ. "ಶಾಲಿನಿ, ಈಗ ಮಾತ್ರೆ ಇಲ್ಲ, ಆಪ್ ಫೇಲು. ಸದ್ಯಕ್ಕೆ ನಿರೋಧ್ ತಾನೇ?"

"ಅದು ಇದೆ. ಆದರೆ ಈಗೀಗ ಸ್ವಲ್ಪ ಒಣಗಿದ ಹಾಗೆ, ಉರಿ. ಅದಕ್ಕೇ ಜೊತೆಗೆ..." ಶಾಲಿನಿ ದನಿ ತಗ್ಗಿಸಿದಳು. "ಕೊಬ್ಬರಿ ಎಣ್ಣೆ. ಮರದ ಗಾಣದ್ದು. ಏನೂ ಕಲಬೆರಕೆ ಇಲ್ಲ."

ಜಯಮ್ಮ ಬೆಂಚಿನಿಂದ ಎದ್ದೇಬಿಟ್ಟರು. "ಅಯ್ಯೋ ನನ್ನವ್ವ! ಎಣ್ಣೆ ತಾಗಿದರೆ ಆ ರಬ್ಬರು ಹರಿಯುತ್ತೆ! ನೀರಿನ ಜೆಲ್ ಸಿಗುತ್ತೆ ಅಂಗಡೀಲಿ, ಅದನ್ನ ತಗೋ. ಎಣ್ಣೆ ಬೇಡ, ತುಪ್ಪ ಬೇಡ!"

"ತುಪ್ಪ ಹಾಕಿಲ್ಲ ಸಿಸ್ಟರ್."

"ಸದ್ಯ. ನಾಟಿ ಹಸು ತುಪ್ಪ ಲೀಟರಿಗೆ ಎರಡು ಸಾವಿರ," ಎಂದಳು ಸರೋಜ.

ಅಷ್ಟರಲ್ಲಿ ಏರಿಯ ತಿರುವಿನಲ್ಲಿ ಶಾಲಿನಿಯ ಯಜಮಾನರು ಕಾಣಿಸಿಕೊಂಡರು. ಕಿವಿಗೆ ಇಯರ್‌ಫೋನು, ಕೈಗೆ ಹೆಜ್ಜೆ ಎಣಿಸುವ ವಾಚು. ನಾಲ್ವರೂ ಒಟ್ಟಿಗೆ ಸುಮ್ಮನಾದರು. ಗೀತಾ ಗಡಿಬಿಡಿಯಲ್ಲಿ ಹುಣಸೆಹಣ್ಣಿನ ರೇಟು ಎತ್ತಿದಳು.

"ಶಾಲೂ," ಎಂದರು ಅವರು ಇಯರ್‌ಫೋನ್ ತೆಗೆದು, "ನನ್ನ ಫೋನಿಗೂ ಒಂದು ಆಪ್ ಹಾಕಿದ್ದೀಯಲ್ಲ, ಅದು ಸರಿಯಿಲ್ಲ ಕಣೆ. ಮೂರು ದಿನದಿಂದ ಕೆಂಪು ತೋರಿಸ್ತಿದೆ. ರೆಡ್ ಅಲರ್ಟ್ ಅಂತ ನಾನು ದಿನಾ ಕೊಡೆ ಹಿಡಕೊಂಡು ಆಫೀಸಿಗೆ ಹೋದರೆ ಒಂದು ಹನಿ ಮಳೆ ಇಲ್ಲ."

ಸರೋಜ ಸೆರಗು ಬಾಯಿಗೆ ತುರುಕಿಕೊಂಡಳು.

ಜಯಮ್ಮ ಮಾತ್ರ ಗಂಭೀರವಾಗಿ ಬೆಂಚಿನಲ್ಲಿ ಜಾಗ ಮಾಡಿದರು. "ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು. ಕಾಲು ಗಂಟೆ, ಇಪ್ಪತ್ತು ನಿಮಿಷದ ಕೆಲಸ. ಚಾಕು ಇಲ್ಲ, ಹೊಲಿಗೆ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ಎರಡು ದಿನ ರೆಸ್ಟು. ಮೂರು ತಿಂಗಳು ಮಾತ್ರ ಹುಷಾರಾಗಿರಬೇಕು, ಆಮೇಲೆ ಒಂದು ಟೆಸ್ಟು..."

ಮಾತು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಅವರಿಗೆ ಅಷ್ಟೇನೂ ಹೊತ್ತು ಬೇಕಾಗಲಿಲ್ಲ. ಅವತ್ತು ರಾತ್ರಿ ಶಾಲಿನಿ ಹೇಳಿದ ಪ್ರಕಾರ, ವಾಚು ಕೊಂಡ ಮೇಲೆ ಮೊದಲ ಸಲ ಅವರ ಹೆಜ್ಜೆ ಲೆಕ್ಕ ಹತ್ತು ಸಾವಿರ ದಾಟಿತಂತೆ.